ಸಹಾಯ ಬೇಕು: ಧಾರವಾಡ ಕಡೆ ವಕೀಲರು, ಆಪ್ತಸಮಾಲೋಚಕರು ಗೊತ್ತಿದ್ದರೆ ಹೇಳಿ

ನಮಸ್ಕಾರ. ನನ್ನ ಚಿಕ್ಕಮ್ಮನ ಮಗಳ ಪರವಾಗಿ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಕೇಳಬೇಡಿ.

ಪ್ರೀತಿಸಿ ಮದುವೆಯಾದವನು. ಕೆಲಸ ಅಂತ ಪುಣೆಗೆ ಕರೆದುಕೊಂಡು ಹೋದ. ಸಾಲ ತೀರಲಿ, ಒಂದೇ ಸಲ ಅಂತ ಬೇರೆ ಗಂಡಸರ ಹತ್ತಿರ ಕಳಿಸಿದ. ಆಮೇಲೆ ಎರಡು ವರ್ಷ ಅವಳ ಫೋನು, ಆಧಾರ್ ಕಾರ್ಡು, ದುಡ್ಡು ಎಲ್ಲ ಅವನ ಕೈಯಲ್ಲೇ. "ಓಡಿ ಬರಬಹುದಿತ್ತಲ್ವಾ" ಅಂತ ನಮ್ಮವರೇ ಕೇಳುತ್ತಾರೆ. ಬಾಗಿಲಿಗೆ ಬೀಗ ಇರಲಿಲ್ಲ, ನಿಜ. ವಿಡಿಯೋ ಅಪ್ಪನಿಗೆ ಕಳಿಸುತ್ತೇನೆ ಅಂತ ದಿನಾ ಹೆದರಿಸುತ್ತಿದ್ದ.

ವಾಪಸ್ ಬಂದು ಮೂರು ತಿಂಗಳಾಯಿತು. ಊಟಕ್ಕೆ ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಾಳೆ. ಬೈಕ್ ಸದ್ದಾದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ.

ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರಕ್ಕೆ ಹೋದೆವು, ಚೆನ್ನಾಗಿ ಮಾತಾಡಿಸಿದರು. ಠಾಣೆಯಲ್ಲಿ ಮಾತ್ರ "ಗಂಡ ಹೆಂಡತಿ ಜಗಳ, ಪುಣೆಗೆ ಹೋಗಿ" ಅಂದುಬಿಟ್ಟರು. ಇದು ಜಗಳ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಮಾನವ ಕಳ್ಳಸಾಗಣೆ. ಅವಳು ಒಪ್ಪಿದ್ದಳಾ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಘಟನೆ ಎಲ್ಲೇ ನಡೆದಿರಲಿ, ಝೀರೋ ಎಫ್‌ಐಆರ್ ಯಾವ ಠಾಣೆಯಲ್ಲಾದರೂ ಹಾಕಬಹುದು.

ಕಾನೂನು ಸೇವಾ ಪ್ರಾಧಿಕಾರದಿಂದ (15100) ಉಚಿತವಾಗಿ ವಕೀಲರು ಸಿಗುತ್ತಾರೆ, ಗೊತ್ತು. ಆದರೆ ಇಂಥದ್ದೇ ಕೇಸು ನಡೆಸಿದವರು, ಸಂತ್ರಸ್ತರ ಪರಿಹಾರಕ್ಕೆ ಅರ್ಜಿ ಹಾಕಿಸಿದವರು ಯಾರಾದರೂ ಇದ್ದೀರಾ? ಅದಕ್ಕಿಂತ ಜಾಸ್ತಿ ತುರ್ತು, ಕನ್ನಡದಲ್ಲಿ ಮಾತಾಡುವ ಮಹಿಳಾ ಆಪ್ತಸಮಾಲೋಚಕರು. ನಡೆದದ್ದನ್ನೆಲ್ಲ ಮೊದಲ ದಿನವೇ ಹೇಳಿಸದವರು. ಅವಳಿಗೆ ಹೊಲಿಗೆ ಚೆನ್ನಾಗಿ ಬರುತ್ತದೆ, ಮನೆಯಲ್ಲೇ ಮಾಡುವ ಕೆಲಸ ಇದ್ದರೂ ತಿಳಿಸಿ.

ದಯವಿಟ್ಟು ಇಲ್ಲಿ ಕಮೆಂಟ್ ಬೇಡ, ನನಗೆ ಮೆಸೇಜ್ ಮಾಡಿ. ಅವನ ಕಡೆಯವರೂ ಈ ಗುಂಪಿನಲ್ಲಿ ಇರಬಹುದು.