ಈ ವರ್ಷದ ನನ್ನ ನಾಲ್ಕು ಚಿತ್ರಗಳು. ಮಗನಿಗೆ ತೋರಿಸುವುದು ಯಾವುದನ್ನು?

ಮ್ಯೂನಿಕ್‌ನಿಂದ:
ಎಲ್ಲರಿಗೂ ನಮಸ್ಕಾರ. 2022 ಮುಗಿಯುತ್ತಾ ಬಂತು. ನಾನು ಮೆಚ್ಚಿದವು ನಾಲ್ಕು: ‘ಕಾಂತಾರ’, ‘777 ಚಾರ್ಲಿ’, ‘ಗಂಧದ ಗುಡಿ’, ‘ಗುರು ಶಿಷ್ಯರು’. ‘ಕೆಜಿಎಫ್ 2’ ನಮ್ಮ ಯಜಮಾನರ ಪಟ್ಟಿಯಲ್ಲಿದೆ, ನನ್ನದರಲ್ಲಿಲ್ಲ.

ಒಂಬತ್ತು ವರ್ಷದ ಮಗನನ್ನು ‘ಕಾಂತಾರ’ಕ್ಕೆ ಕರೆದುಕೊಂಡು ಹೋಗಿ ತಪ್ಪು ಮಾಡಿದೆನೋ ಏನೋ. ಇಲ್ಲಿನ ಸಿಹಿ ಪಾಪ್‌ಕಾರ್ನ್ ತೊಡೆಯ ಮೇಲಿಟ್ಟುಕೊಂಡು ಕುಳಿತವನು, ಕೊನೆಯಲ್ಲಿ ಆ ‘ಓ’ ಎಂಬ ಕೂಗು ಕೇಳಿದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡ. ಹೊರಗೆ ಬಂದ ಮೇಲೆ, “ಇದು ತುಮಕೂರಿನ ತಾತನ ಭಾಷೆಯೇ?” ಎಂದು ಜರ್ಮನ್‌ನಲ್ಲಿ ಕೇಳಿದ. ಅಂದಿನಿಂದ ಕನ್ನಡ ಸಿನಿಮಾ ಎಂದರೆ ಕೋಣೆಗೆ ಓಡುತ್ತಾನೆ. ಕ್ರಿಸ್‌ಮಸ್ ರಜೆಯಲ್ಲಿ ಉಳಿದ ಮೂರರಲ್ಲಿ ಯಾವುದನ್ನು ತೋರಿಸಲಿ? ಸಬ್‌ಟೈಟಲ್ ಹಾಕಬಹುದೇ?

ಮೆಲ್ಬರ್ನ್‌ನಿಂದ:
ಅಕ್ಕಾ, ‘ಚಾರ್ಲಿ’ ತೋರಿಸಿ, ಆದರೆ ಎರಡು ಸಂಜೆ ಮಾಡಿಕೊಳ್ಳಿ. ಎರಡೂವರೆ ಗಂಟೆಗೂ ಹೆಚ್ಚಿದೆ. ನಾಯಿಗೆ ಕ್ಯಾನ್ಸರ್ ಎಂದು ತಿಳಿಯುವ ಭಾಗವನ್ನು ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ, ಮಗಳು ರಾತ್ರಿ ಹನ್ನೊಂದರವರೆಗೆ ಅತ್ತಳು. ‘ಗುರು ಶಿಷ್ಯರು’ ಕೂಡ ಆಗಬಹುದು, ಅದರಲ್ಲಿ ಖೋ ಖೋ ಇದೆ.

ದುಬೈನಿಂದ:
ಕೂಗಿಗೆ ಹೆದರಿದ್ದಕ್ಕೆ ಬೇಸರಿಸಬೇಡಿ ಮೇಡಂ. ನಾನು ಉಡುಪಿಯ ಕಡೆಯವನು. ಮನೆಯ ಕೋಲದಲ್ಲಿ, ಅಂದರೆ ದೈವದ ಆರಾಧನೆಯಲ್ಲಿ, ಕಾಲಿನ ಗಗ್ಗರದ ಸದ್ದು ಕೇಳಿದರೆ ಅಜ್ಜಿಯ ಸೆರಗಿನೊಳಗೆ ನುಗ್ಗುತ್ತಿದ್ದೆ. ಪಂಜುರ್ಲಿ, ಗುಳಿಗ ನಮಗೆ ದೈವಗಳು, ಸಿನಿಮಾದ ಪಾತ್ರಗಳಲ್ಲ. ರಿಷಬ್ ಶೆಟ್ಟಿಯವರ ‘ಕಾಂತಾರ’ವನ್ನು ಮೂರು ಸಲ ನೋಡಿದೆ. ಊರಿನ ಕೋಲಕ್ಕೆ ಹೋಗಿ ಹನ್ನೊಂದು ವರ್ಷವಾಯಿತು. ಹೋದ ವರ್ಷ ತಮ್ಮ ವಿಡಿಯೊ ಕರೆಯಲ್ಲಿ ತೋರಿಸಿದ. ಸರಿಯಾಗಿ ದೈವ ನುಡಿ ಕೊಡುವ ಹೊತ್ತಿಗೆ ಚಿತ್ರ ನಿಂತುಹೋಯಿತು. ಅಮ್ಮ ಆಮೇಲೆ ಏನನ್ನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನ್ಯೂಜೆರ್ಸಿಯಿಂದ:
ಸಬ್‌ಟೈಟಲ್ ಹಾಕಲೇಬಾರದು. ಹಾಕಿದಿರೋ, ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ. ಮೂವತ್ತೊಂದು ವರ್ಷದಿಂದ ಇಲ್ಲಿದ್ದೇನೆ. ಬೆಂಗಳೂರಿನಿಂದ ಕ್ಯಾಸೆಟ್ಟು ತರಿಸಿ, ಡಾ. ರಾಜ್‌ಕುಮಾರ್ ಮಾತು ಕೇಳಿಸಿ ಮಗಳಿಗೆ ಕನ್ನಡ ಕಲಿಸಿದೆ. ಮನೆಯಲ್ಲಿ ಇಂಗ್ಲಿಷ್ ಆಡಿದರೆ ಊಟ ಇಲ್ಲ ಎನ್ನುತ್ತಿದ್ದೆ. ಈಗಿನ ತಂದೆತಾಯಿಗಳಿಗೆ ಅಷ್ಟು ಗಟ್ಟಿತನ ಇಲ್ಲ.

ಮೆಲ್ಬರ್ನ್‌ನಿಂದ:
ಸರ್, ಒಂಬತ್ತು ವರ್ಷದ ಮಗುವಿಗೆ ಊಟ ಹಾಕದೆ ಯಾವ ಕನ್ನಡ?

ನ್ಯೂಜೆರ್ಸಿಯಿಂದ:
ಒಂದು ದಿನವೂ ಉಪವಾಸ ಕೆಡವಿಲ್ಲ. ಮಾತಿನ ಧಾಟಿ ಅರ್ಥ ಮಾಡಿಕೊಳ್ಳಿ. ಮಗಳು ಇಂದಿಗೂ ನನ್ನೊಡನೆ ಅಚ್ಚಕನ್ನಡ ಆಡುತ್ತಾಳೆ.

ಲೆಸ್ಟರ್‌ನಿಂದ:
ರಾಯರೇ, ಮೊಮ್ಮಕ್ಕಳು?

ನ್ಯೂಜೆರ್ಸಿಯಿಂದ:
ಮೊಮ್ಮಕ್ಕಳ ವಿಷಯ ಬೇರೆ. ಅಳಿಯ ಪಂಜಾಬಿನವರು.

ಲೆಸ್ಟರ್‌ನಿಂದ:
ಕೇಳಬಾರದಿತ್ತು, ಕ್ಷಮಿಸಿ. ನನ್ನ ಓಟು ‘ಗಂಧದ ಗುಡಿ’ಗೆ. ಅಪ್ಪು, ನಮ್ಮ ಪುನೀತ್ ರಾಜ್‌ಕುಮಾರ್, ಹೋಗಿ ವರ್ಷ ತುಂಬುವ ಹಿಂದಿನ ದಿನ, ಅಕ್ಟೋಬರ್ 28ರಂದು ಬಿಡುಗಡೆಯಾಯಿತು. ನೇತ್ರಾಣಿ ದ್ವೀಪದಲ್ಲಿ ನೀರಿನೊಳಗೆ ಇಳಿಯುವಾಗ ಅವರ ಮುಖದಲ್ಲಿ ಚಿಕ್ಕ ಹುಡುಗನ ಅಂಜಿಕೆ ಕಾಣುತ್ತದೆ. ನಿರ್ದೇಶಕ ಅಮೋಘವರ್ಷ ಅದನ್ನು ಕತ್ತರಿಸದೆ ಬಿಟ್ಟಿದ್ದು ದೊಡ್ಡದು. ನಾನಂತೂ ಕನ್ನಡಕ ಒರೆಸಿಕೊಳ್ಳುತ್ತಲೇ ಇದ್ದೆ. ಮಕ್ಕಳಿಗೆ ಹಿಡಿಸುತ್ತದೆಯೋ ಇಲ್ಲವೋ, ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ.

ಮ್ಯೂನಿಕ್‌ನಿಂದ:
ನ್ಯೂಜೆರ್ಸಿಯ ಹಿರಿಯರೇ, ‘ಕಾಂತಾರ’ದ ಕರಾವಳಿ ಮಾತಿಗೆ ನಾನೇ ಎರಡು ಮೂರು ಕಡೆ ಕೆಳಗಿನ ಇಂಗ್ಲಿಷ್ ಓದಿದೆ. ತುಮಕೂರಿನಲ್ಲಿ ಹುಟ್ಟಿ ಬೆಳೆದವಳು ನಾನು!

ನ್ಯೂಜೆರ್ಸಿಯಿಂದ:
ಅಲ್ಲಿಗೇ ಬಂದೆವು ನೋಡಿ. ತಾಯಿಯೇ ಓದಿದರೆ ಮಗು ಕೇಳುತ್ತದೆಯೇ?

(ಇದಾದ ಮೇಲೆ ಸಬ್‌ಟೈಟಲ್ ಕುರಿತೇ ನಲವತ್ತು ಉತ್ತರಗಳು ಬಂದವು.)

ಮ್ಯೂನಿಕ್‌ನಿಂದ, ಒಂಬತ್ತು ದಿನದ ನಂತರ:
ನಿನ್ನೆ ‘ಗುರು ಶಿಷ್ಯರು’ ಹಾಕಿದೆ. ಮೊದಲು ಸೋಫಾದ ಹಿಂದೆ ನಿಂತೇ ನೋಡುತ್ತಿದ್ದ. ಆಟ ಶುರುವಾದ ಮೇಲೆ ಮುಂದೆ ಬಂದು ಕುಳಿತ. ಸ್ವಲ್ಪ ಹೊತ್ತಿಗೆ ಎದ್ದು, ತಂಗಿಯ ಬೆನ್ನಿಗೆ ತಟ್ಟಿ ‘ಖೋ’ ಎಂದ. ಅವಳು ಅತ್ತಳು. ಇಂದು ಬೆಳಿಗ್ಗೆ ತಾನೇ ತಾತನಿಗೆ ಫೋನ್ ಮಾಡಿ, “ಎಷ್ಟು ಜನ ಕೂತುಕೊಳ್ಳಬೇಕು?” ಎಂದು ಕೇಳಿದ, ಕನ್ನಡದಲ್ಲಿ. ಎಂಟು ಜನ, ಓಡಿಸುವವನು ಒಂಬತ್ತನೆಯವನು ಎಂದರಂತೆ. ನಾವಿರುವುದು ನಾಲ್ವರು. ಮ್ಯೂನಿಕ್ ಸುತ್ತಮುತ್ತ ಮಕ್ಕಳಿರುವವರು ಭಾನುವಾರ ಬರುತ್ತೀರಾ?

ನ್ಯೂಜೆರ್ಸಿಯಿಂದ:
ಸಂತೋಷ. ಆದರೆ ಸಬ್‌ಟೈಟಲ್ ಹಾಕಿದ್ದಿರೋ ಇಲ್ಲವೋ, ಅದನ್ನು ಹೇಳಲಿಲ್ಲ.