ಗರ್ಭಿಣಿಗೆ ಥೈರಾಯ್ಡ್ ಮಾತ್ರೆ ಹೆಚ್ಚಿಸುವುದು ಯಾಕೆ?

ಕುತೂಹಲಿ: ಹೈಪೋಥೈರಾಯ್ಡ್ (ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ಮಾಡದಿರುವುದು) ಇರುವವರು ಗರ್ಭಿಣಿಯಾದ ಕೂಡಲೇ ಥೈರಾಕ್ಸಿನ್ ಡೋಸ್ ಏರಿಸ್ತಾರೆ. ಮಗುವಿಗೂ ಅದರದ್ದೇ ಗ್ರಂಥಿ ಇರುತ್ತಲ್ಲ? ಮೊದಲೇ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಹಚ್ಚುವ ಹಾರ್ಮೋನ್; ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಇದು ಏರುತ್ತೆ) 2 ಇದ್ದವರಿಗೂ ಏರಿಸಬೇಕಾ?

ಹಾರ್ಮೋನ್‌ಪ್ರಿಯ: ಗ್ರಂಥಿ ಇರುತ್ತೆ, ಕೆಲಸಕ್ಕೆ ಇಳಿಯೋದು ತಡ. 10–12ನೇ ವಾರಕ್ಕೆ ಅಯೋಡಿನ್ ಹೀರೋಕೆ ಶುರು ಮಾಡುತ್ತೆ, ಸಾಕಾಗುವಷ್ಟು ಹಾರ್ಮೋನ್ ತಯಾರಾಗೋದು 18–20ನೇ ವಾರದ ಹೊತ್ತಿಗೆ. ಮಿದುಳಿನ ಬೆಳವಣಿಗೆ ಅಲ್ಲಿವರೆಗೆ ಕಾಯಲ್ಲ. ಆರಂಭದಲ್ಲಿ ಮಾಸು ದಾಟಿ ಬರುವ ತಾಯಿಯ ಟಿ4 (ಅಂದ್ರೆ ಥೈರಾಕ್ಸಿನ್) ಒಂದೇ ಗತಿ. ಭ್ರೂಣದ ಮಿದುಳು ಅದನ್ನು ತಗೊಂಡು ಅಲ್ಲೇ ಟಿ3 (ಜೀವಕೋಶಗಳು ಬಳಸುವ ರೂಪ) ಮಾಡಿಕೊಳ್ಳುತ್ತೆ. ಹಾಗಾಗಿ ಟಿ3 ಬೆರೆಸಿದ ಮಾತ್ರೆ, ‘ನ್ಯಾಚುರಲ್’ ಅಂತ ಮಾರುವ ಪ್ರಾಣಿಗ್ರಂಥಿಯ ಪುಡಿ ಗರ್ಭಿಣಿಯರಿಗೆ ಬೇಡವೇ ಬೇಡ.

ಆರೋಗ್ಯವಾಗಿರುವ ಥೈರಾಯ್ಡನ್ನು ಗರ್ಭದ ಹಾರ್ಮೋನ್ ಎಚ್‌ಸಿಜಿ ಚುರುಕುಗೊಳಿಸುತ್ತೆ. ಮೊದಲ ಮೂರು ತಿಂಗಳು ಟಿಎಸ್‌ಎಚ್ ಇಳಿಯೋದು ಅದಕ್ಕೇ. ಜತೆಗೆ ಈಸ್ಟ್ರೋಜನ್ ಏರಿದಂತೆ ರಕ್ತದಲ್ಲಿ ಟಿ4 ಕಟ್ಟಿಹಾಕುವ ಪ್ರೋಟೀನ್ ಹೆಚ್ಚುತ್ತೆ, ಹಾಗಾಗಿ ಹೆಚ್ಚು ಟಿ4 ಬೇಕಾಗುತ್ತೆ. ಹಾಳಾದ ಅಥವಾ ತೆಗೆದುಹಾಕಿದ ಗ್ರಂಥಿ ಈ ಬೇಡಿಕೆ ಪೂರೈಸಲಾರದು. ನೀವು ಹೇಳಿದ ಟಿಎಸ್‌ಎಚ್ 2 ಗರ್ಭಕ್ಕೆ ಮುಂಚಿನ ಲೆಕ್ಕ, ಹಾಗಾಗಿ ಅವರಿಗೂ ಏರಿಸಬೇಕು.

ಓಪಿಡಿ: ಏರಿಕೆ ಸುಮಾರು 25–30%. ವಾರಕ್ಕೆ 7 ಮಾತ್ರೆ ಇದ್ದದ್ದನ್ನು 9 ಮಾಡೋದು, ಅಂದ್ರೆ ಎರಡು ದಿನ ಎರಡೆರಡು. ಟೆಸ್ಟ್ ಪಾಸಿಟಿವ್ ಬಂದ ದಿನವೇ ವೈದ್ಯರಿಗೆ ಫೋನ್ ಮಾಡಿ ಕೇಳಿ. ಮೊದಲ ಸ್ಕ್ಯಾನ್‌ವರೆಗೆ ಕಾದರೆ ಮುಖ್ಯವಾದ ವಾರಗಳೇ ಕಳೆದುಹೋಗುತ್ತವೆ. ಟಿಎಸ್‌ಎಚ್ 2.5ರ ಒಳಗಿರಲಿ. ಅರ್ಧ ಗರ್ಭಾವಧಿವರೆಗೆ 4 ವಾರಕ್ಕೊಮ್ಮೆ, ಮತ್ತೆ 30ನೇ ವಾರದ ಸುಮಾರಿಗೆ ಒಮ್ಮೆ ಪರೀಕ್ಷೆ. ಹೆರಿಗೆಯಾದ ಮೇಲೆ ಹಳೇ ಡೋಸ್, 6 ವಾರಕ್ಕೆ ರಕ್ತಪರೀಕ್ಷೆ.

ಔಷಧಶಾಲೆ: ಡೋಸ್ ಏರಿಸಿಯೂ ಟಿಎಸ್‌ಎಚ್ ಇಳಿಯದಿದ್ದರೆ ಮೊದಲು ಮಾತ್ರೆ ನುಂಗುವ ಹೊತ್ತು ವಿಚಾರಿಸಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಕರುಳಲ್ಲೇ ಥೈರಾಕ್ಸಿನ್ ಹಿಡಿದಿಡುತ್ತವೆ. 4 ಗಂಟೆ ಅಂತರ ಬೇಕು. ಬೆಳಿಗ್ಗೆ 6ಕ್ಕೆ ಬರೀ ನೀರಲ್ಲಿ ಥೈರಾಕ್ಸಿನ್, ಕಾಫಿ–ತಿಂಡಿ ಒಂದು ಗಂಟೆ ಬಿಟ್ಟು. ಮಧ್ಯಾಹ್ನ ಊಟದ ಜತೆ ಕ್ಯಾಲ್ಸಿಯಂ, 4ಕ್ಕೆ ಕಬ್ಬಿಣ, ರಾತ್ರಿ ಊಟಕ್ಕೆ ಇನ್ನೊಂದು ಕ್ಯಾಲ್ಸಿಯಂ. ಬೆಳಿಗ್ಗೆ ವಾಂತಿ ಕಾಟ ಇದ್ದರೆ ಥೈರಾಕ್ಸಿನ್ ರಾತ್ರಿ ಊಟವಾಗಿ 3 ಗಂಟೆ ಬಿಟ್ಟು ನುಂಗಬಹುದು, ಆದರೆ ಆಗ ರಾತ್ರಿಯ ಕ್ಯಾಲ್ಸಿಯಂ ತಿಂಡಿಗೆ ಸರಿಸಲೇಬೇಕು.

ಕುತೂಹಲಿ: ಸರಿ. ಸೈಂಧವ ಉಪ್ಪು ಬಳಸುವವರು?

ಹಾರ್ಮೋನ್‌ಪ್ರಿಯ: ಬಿಡಬೇಕು. ಗರ್ಭಿಣಿಗೆ ದಿನಕ್ಕೆ 250 ಮೈಕ್ರೊಗ್ರಾಂ ಅಯೋಡಿನ್ ಬೇಕು, ಅಯೋಡಿನ್ ಬೆರೆಸದ ಸೈಂಧವದಲ್ಲಿ ಅದು ಸಿಗಲ್ಲ. ಅಮ್ಮ ಮಾತ್ರೆ ನುಂಗುತ್ತಿದ್ದರೂ ಮಗುವಿನ ಗ್ರಂಥಿಗೆ ಅಯೋಡಿನ್ ಅಮ್ಮನಿಂದಲೇ ಬರಬೇಕು. ಹಾಗಂತ ಕೆಲ್ಪ್ (ಅಯೋಡಿನ್ ತುಂಬಿದ ಕಡಲಪಾಚಿ) ಕ್ಯಾಪ್ಸೂಲ್ ತಗೋಬೇಡಿ. ಅಯೋಡಿನ್ ಮಿತಿಮೀರಿದರೆ ಭ್ರೂಣದ ಥೈರಾಯ್ಡ್ ಹಾರ್ಮೋನ್ ಮಾಡೋದನ್ನೇ ನಿಲ್ಲಿಸಿಬಿಡಬಹುದು.