ಸಮಾಜಕಾರ್ಯ, ಆಪ್ತಸಮಾಲೋಚನೆ: ಶೈಕ್ಷಣಿಕ ಸಲಹೆಗಾರರ ವೃತ್ತಿ ಹಿನ್ನೆಲೆ ಹೇಗಿರಬೇಕು? ಅನುಭವ ತಿಳಿಸಿ

ಹೊಸ ವಿದ್ಯಾರ್ಥಿನಿ:
ಅಮೆರಿಕದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಸೇರಿದ್ದೇನೆ. ಆಪ್ತಸಮಾಲೋಚನೆ (ಕೌನ್ಸೆಲಿಂಗ್) ನನ್ನ ವಿಶೇಷ ವಿಷಯ. ಶೈಕ್ಷಣಿಕ ಸಲಹೆಗಾರರಾಗಿ ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಲು ವಿಭಾಗ ಹೇಳಿದೆ. ಒಬ್ಬರು ಮಕ್ಕಳ ರಕ್ಷಣಾ ಕ್ಷೇತ್ರದಲ್ಲಿ ಬಹುಕಾಲ ದುಡಿದವರು, ಪಿಎಚ್.ಡಿ. ಇಲ್ಲ. ಇನ್ನೊಬ್ಬರು ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಪಿಎಚ್.ಡಿ. ಮುಗಿಸಿ ನೇರವಾಗಿ ಬೋಧನೆಗೆ ಬಂದವರು. ಮುಂದೆ ಪರವಾನಗಿ ಪಡೆದು ವೃತ್ತಿ ನಡೆಸುವುದು ನನ್ನ ಉದ್ದೇಶ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಆಸ್ಪತ್ರೆಯ ಸಮಾಜಕಾರ್ಯಕರ್ತೆ:
ಕ್ಷೇತ್ರದಲ್ಲಿ ದುಡಿದವರನ್ನೇ ಆರಿಸಿಕೊಳ್ಳಿ, ಇದರಲ್ಲಿ ಎರಡನೆಯ ಮಾತಿಲ್ಲ. ನನ್ನ ಸಲಹೆಗಾರರು ಬೋಧನೆಗೆ ಬರುವ ಮೊದಲು ಮನೋರೋಗ ವಾರ್ಡಿನಲ್ಲಿ, ಆಮೇಲೆ ವ್ಯಸನಮುಕ್ತಿ ಕೇಂದ್ರದಲ್ಲಿ ಕೆಲಸ ಮಾಡಿದ್ದವರು. ನಾನು ಒಪ್ಪಿಸುತ್ತಿದ್ದ ಪ್ರೊಸೆಸ್ ರೆಕಾರ್ಡಿಂಗ್ (ಭೇಟಿಯ ಮಾತುಕತೆಯ ಲಿಖಿತ ದಾಖಲೆ) ಹಾಳೆಯಲ್ಲಿ ಎಡಕ್ಕೆ ಸಂಭಾಷಣೆ, ನಡುವೆ ಆ ಹೊತ್ತಿಗೆ ನನಗೆ ಅನ್ನಿಸಿದ್ದು, ಬಲಕ್ಕೆ ಅವರ ಟಿಪ್ಪಣಿಗಾಗಿ ಬಿಟ್ಟ ಜಾಗ ಇರುತ್ತಿತ್ತು. ಮಗನ ಸಾವನ್ನು ಹೇಳುತ್ತ ಹೇಳುತ್ತ ಸುಮ್ಮನಾದ ತಾಯಿಯೊಬ್ಬರಿಗೆ ನಾನು ಕೂಡಲೇ ಇನ್ನೊಂದು ಪ್ರಶ್ನೆ ಹಾಕಿದ್ದೆ. ಆ ಸಾಲಿನ ಎದುರು ಅವರು ಪೆನ್ಸಿಲಿನಲ್ಲಿ, ‘ಈ ಪ್ರಶ್ನೆ ಆಕೆಗೆ ಬೇಕಿತ್ತೋ, ನಿಮಗೆ ಬೇಕಿತ್ತೋ?’ ಎಂದು ಬರೆದಿದ್ದರು. ಇಂದಿಗೂ ವಾರ್ಡಿನಲ್ಲಿ ಬಾಯಿ ತೆರೆಯುವ ಮೊದಲು ಆ ಟಿಪ್ಪಣಿ ನೆನಪಾಗುತ್ತದೆ. ಬರೀ ಲೇಖನ ಬರೆದುಕೊಂಡು ಬಂದವರಿಗೆ ಇಂತಹ ಪ್ರಶ್ನೆ ಹೊಳೆಯುವುದಿಲ್ಲ.

ಮಾರ್ಗದರ್ಶಕರನ್ನು ಬದಲಿಸಿದವನು:
ಮೇಲಿನವರ ಅದೃಷ್ಟ ಎಲ್ಲರಿಗೂ ಇರುವುದಿಲ್ಲ ಮೇಡಂ. ನನ್ನ ಮೊದಲ ಮಾರ್ಗದರ್ಶಕರೂ ಕ್ಷೇತ್ರದಲ್ಲಿ ಹೆಸರು ಮಾಡಿದವರೇ, ಆದರೆ ಸಂಶೋಧನಾ ಪ್ರಬಂಧದ ವಿಧಿವಿಧಾನ ಅವರಿಗೆ ಒಗ್ಗಿರಲಿಲ್ಲ. ಕಾನೂನು ಸಂಘರ್ಷಕ್ಕೆ ಸಿಲುಕಿದ ಹದಿಹರೆಯದವರ ಸಂದರ್ಶನ ನನ್ನ ವಿಷಯವಾಗಿತ್ತು. ಅಪ್ರಾಪ್ತರ ಸಮ್ಮತಿಯ ಜೊತೆಗೆ ಪೋಷಕರ ಅನುಮತಿ ಪ್ರತ್ಯೇಕ ಪತ್ರದಲ್ಲಿ ಇಲ್ಲವೆಂದು, ಸಂಶೋಧನೆಗೆ ಅನುಮೋದನೆ ಕೊಡುವ ನೈತಿಕ ಸಮಿತಿ ಅರ್ಜಿಯನ್ನು ಹಿಂದಿರುಗಿಸಿತು. ಅದನ್ನು ಸರಿಪಡಿಸಿದರೆ ಧ್ವನಿಮುದ್ರಣಗಳನ್ನು ಎಲ್ಲಿ, ಎಷ್ಟು ಕಾಲ ಇಡುತ್ತೀರಿ ಎಂಬ ಆಕ್ಷೇಪ ಬಂತು. ಅದಕ್ಕೆ ಉತ್ತರಿಸಿದರೆ, ಸಂದರ್ಶನದ ನಡುವೆ ದೌರ್ಜನ್ಯದ ವಿಷಯ ಹೊರಬಿದ್ದಲ್ಲಿ ಯಾರಿಗೆ ವರದಿ ಮಾಡುತ್ತೀರಿ ಎಂಬ ಇನ್ನೊಂದು ಬಂತು. ಅನುಮೋದನೆಗೆ ಮೊದಲೇ ‘ಪ್ರಾಯೋಗಿಕ’ ಎಂದು ಅವರು ಮಾಡಿಸಿದ್ದ ಸಂದರ್ಶನಗಳನ್ನು ಬಳಸುವಂತಿಲ್ಲ ಎಂದಾಯಿತು. ಅವನ್ನು ಬರಹಕ್ಕಿಳಿಸಿದವರಿಗೆ ಕೊಟ್ಟ ಹಣ ಹೋಯಿತು. ವಿಶ್ಲೇಷಣೆಯ ಸಾಫ್ಟ್‌ವೇರಿಗೆ ಇದ್ದ ವಿದ್ಯಾರ್ಥಿ ರಿಯಾಯಿತಿಯ ಅವಧಿ ಮುಗಿದು ಪೂರ್ತಿ ದರ ಕೊಡಬೇಕಾಯಿತು. ಸೆಮಿಸ್ಟರ್ ಶುಲ್ಕ ಮತ್ತೊಮ್ಮೆ, ಅದರ ಮೇಲೆ ವಿಳಂಬ ಶುಲ್ಕ, ಮಾರ್ಗದರ್ಶಕರನ್ನು ಬದಲಿಸುವುದಕ್ಕೂ ಬೇರೊಂದು ಶುಲ್ಕ. ರಸೀದಿಗಳು ಈಗಲೂ ಕಡತದಲ್ಲಿವೆ. ಎರಡನೆಯ ಮಾರ್ಗದರ್ಶಕರು ಸಂಶೋಧನೆಯಿಂದಲೇ ಬಂದವರು, ಮೊದಲ ಭೇಟಿಯಲ್ಲೇ ಸಮ್ಮತಿ ಪತ್ರದ ಮಾದರಿಯನ್ನು ಕೈಗಿಟ್ಟರು.

ಸಹಿಗಾಗಿ ಅಲೆದವಳು:
ಅನುಭವವೋ ಸಂಶೋಧನೆಯೋ ಎಂದು ನೀವಿಬ್ಬರೂ ವಾದಿಸುತ್ತಿದ್ದೀರಿ. ನನ್ನನ್ನು ಮುಳುಗಿಸಿದ್ದು ಅವೆರಡೂ ಅಲ್ಲ, ಸಲಹೆಗಾರರು ಯಾವ ವೃತ್ತಿಗೆ ಸೇರಿದವರು ಎಂಬ ಒಂದೇ ಸಂಗತಿ. ಅವರು ಮನೋವಿಜ್ಞಾನದವರು, ನುರಿತ ಚಿಕಿತ್ಸಕರು. ಪರವಾನಗಿಗೆ ಬೇಕಾದ ಗಂಟೆಗಳಿಗಾಗಿ ಪದವಿಯ ನಂತರ ನಾನು ಮಾಡಿದ ಕೆಲಸದ ಮೇಲ್ವಿಚಾರಣೆಯನ್ನೂ ಅವರೇ ಮಾಡಿ, ಪ್ರತಿ ಹಾಳೆಗೂ ಸಹಿ ಹಾಕಿಕೊಟ್ಟರು. ಮೇಲ್ವಿಚಾರಕರು ಸಮಾಜಕಾರ್ಯದ ಪರವಾನಗಿ ಹೊಂದಿಲ್ಲ ಎಂಬ ಒಂದು ಸಾಲಿನ ಪತ್ರದೊಡನೆ ಪರವಾನಗಿ ಮಂಡಳಿ ಅಷ್ಟೂ ಗಂಟೆಗಳನ್ನು ತಳ್ಳಿಹಾಕಿತು. ಹೊಸ ಮೇಲ್ವಿಚಾರಕರಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟೆ, ವೃತ್ತಿ ವಿಮೆಯನ್ನು ನವೀಕರಿಸಿದೆ, ಅಂಕಪಟ್ಟಿಯ ಮುದ್ರೆಯೊತ್ತಿದ ಪ್ರತಿಗೆ ಮತ್ತೆ ಹಣ ಕಟ್ಟಿದೆ, ಪರೀಕ್ಷೆಯ ದಿನಾಂಕವನ್ನು ಮುಂದೂಡಿದ್ದಕ್ಕೆ ಅದರ ಶುಲ್ಕವೂ ಹಿಂದೆ ಬರಲಿಲ್ಲ. ಅಮೆರಿಕದಲ್ಲಿ ಸಮಾಜಕಾರ್ಯ ಶಿಕ್ಷಣಕ್ಕೆ ಮಾನ್ಯತೆ ನೀಡುವ ಸಿಎಸ್‌ಡಬ್ಲ್ಯುಇ ಸ್ನಾತಕೋತ್ತರ ಪದವಿಗೆ ಕನಿಷ್ಠ 900 ಗಂಟೆಗಳ ಕ್ಷೇತ್ರಕಾರ್ಯವನ್ನು ಕೇಳುತ್ತದೆ. ವೃತ್ತಿಪರ ಕಾರ್ಯದ ಕೋರ್ಸುಗಳನ್ನು ಕಲಿಸುವವರಿಗೆ ಸಮಾಜಕಾರ್ಯದ್ದೇ ಸ್ನಾತಕೋತ್ತರ ಪದವಿ ಮತ್ತು ಅದರ ನಂತರ ಕನಿಷ್ಠ 2 ವರ್ಷಗಳ ವೃತ್ತಿ ಅನುಭವ ಇರಬೇಕೆನ್ನುತ್ತದೆ. ಮನೋವಿಜ್ಞಾನದ ಡಾಕ್ಟರೇಟು ಆ ಜಾಗವನ್ನು ತುಂಬುವುದಿಲ್ಲ.

ಕೌನ್ಸೆಲಿಂಗ್ ಬೋಧಕ:
ಆಪ್ತಸಮಾಲೋಚನೆಯ ಕಡೆಯ ನಿಯಮವನ್ನೂ ಹೇಳಿದರೆ ಚಿತ್ರ ಪೂರ್ಣವಾಗುತ್ತದೆ. ಅಮೆರಿಕದ ಕೌನ್ಸೆಲಿಂಗ್ ಶಿಕ್ಷಣದ ಮಾನ್ಯತಾ ಸಂಸ್ಥೆ ಸಿಎಸಿಆರ್‌ಇಪಿ, 2013ರ ಜುಲೈ 1ಕ್ಕೆ ಮುಂಚೆ ಒಂದು ವರ್ಷವಾದರೂ ಪೂರ್ಣಾವಧಿ ಬೋಧಕರಾಗಿದ್ದವರಿಗೆ ವಿನಾಯಿತಿ ಕೊಟ್ಟು, ಉಳಿದಂತೆ ಮುಖ್ಯ ಬೋಧಕರಿಗೆ, ಸಮಾಲೋಚಕರನ್ನು ತರಬೇತುಗೊಳಿಸುವ ವಿಷಯವಾದ ಕೌನ್ಸೆಲರ್ ಎಜುಕೇಶನ್‌ನಲ್ಲಿಯೇ ಡಾಕ್ಟರೇಟು ಬೇಕೆಂದಿತು. ಅನುಭವವೊಂದೇ ಸಾಲದು ಎಂದು ಒಂದು ಇಡೀ ವೃತ್ತಿ ತೀರ್ಮಾನಿಸಿರುವಾಗ, ‘ಲೇಖನ ಬರೆದುಕೊಂಡು ಬಂದವರು’ ಎಂದು ಹಗುರವಾಗಿ ಮಾತಾಡುವುದು ಉಚಿತವಲ್ಲ.

ಆಸ್ಪತ್ರೆಯ ಸಮಾಜಕಾರ್ಯಕರ್ತೆ:
ಸರ್, ತಾವು ತರಗತಿಯಲ್ಲಿ ದಿನವೂ ಹೆಸರಿಸುವ, ವ್ಯಕ್ತಿಕೇಂದ್ರಿತ ಚಿಕಿತ್ಸೆಯ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1928ರಿಂದ 1940ರವರೆಗೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಮಕ್ಕಳು ಮತ್ತು ಅವರ ಕುಟುಂಬಗಳ ನಡುವೆ ಕೆಲಸ ಮಾಡಿದರು, ಪ್ರಾಧ್ಯಾಪಕರಾದದ್ದು ಆಮೇಲೆ. ಅಲ್ಲಿ ಅವರ ಯೋಚನೆಯನ್ನು ತಿರುಗಿಸಿದವರಲ್ಲಿ ಸಮಾಜಕಾರ್ಯಕರ್ತರೂ ಇದ್ದರು ಎಂಬುದನ್ನು ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೀರಾ?

ಕೌನ್ಸೆಲಿಂಗ್ ಬೋಧಕ:
ಅದೇ ರೋಜರ್ಸ್ 1931ರಲ್ಲಿ, ಆ ಕೆಲಸದ ನಡುವೆಯೇ, ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದದ್ದನ್ನು ತಾವು ಬಿಟ್ಟಿರಿ. ಸಮಾಜಕಾರ್ಯಕರ್ತರ ಗುರುವಾಗಿದ್ದ ಜೆಸ್ಸಿ ಟ್ಯಾಫ್ಟ್ 1913ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟು ಪಡೆದದ್ದು ತತ್ತ್ವಶಾಸ್ತ್ರದಲ್ಲಿ. ಈಗಿನ ನಿಯಮದ ಪ್ರಕಾರ ಅವರನ್ನೂ ಹೊರಗಿಡುತ್ತೀರಾ?

ಸಹಿಗಾಗಿ ಅಲೆದವಳು:
ಟ್ಯಾಫ್ಟ್ ಡಾಕ್ಟರೇಟು ಪಡೆದ ಕಾಲದಲ್ಲಿ ಪರವಾನಗಿ ಮಂಡಳಿ ಇರಲಿಲ್ಲ, ನನ್ನ ಕಾಲದಲ್ಲಿ ಇದೆ. ಚರಿತ್ರೆಯನ್ನು ಎಷ್ಟು ಓದಿದರೂ ತಿರಸ್ಕೃತವಾದ ಗಂಟೆಗಳು ಹಿಂದೆ ಬರುವುದಿಲ್ಲ.

ಆಸ್ಪತ್ರೆಯ ಸಮಾಜಕಾರ್ಯಕರ್ತೆ:
ಪದವಿ, ಸಹಿ, ಶುಲ್ಕ ಇಷ್ಟನ್ನೇ ಎಣಿಸುತ್ತಿದ್ದೀರಿ. ತಂದೆಯವರು ತೀರಿಕೊಂಡ ಸಮಯದಲ್ಲಿ ನಾನು ಓದು ಬಿಡದಂತೆ ಹಿಡಿದು ನಿಲ್ಲಿಸಿದವರು ನನ್ನ ಸಲಹೆಗಾರರೇ. ವ್ಯಸನಮುಕ್ತಿ ಕೇಂದ್ರದಲ್ಲಿ ಜನರ ಸಂಕಟ ಕೇಳಿ ಪಳಗಿದ್ದ ಕಿವಿ ಅದು.

ಕೌನ್ಸೆಲಿಂಗ್ ಬೋಧಕ:
ತಮ್ಮ ನೋವನ್ನು ಗೌರವಿಸುತ್ತೇನೆ, ಆದರೆ ಇಲ್ಲಿ ಎಚ್ಚರ ಬೇಕು. ತಮ್ಮ ಅಧಿಕಾರದ ಕೆಳಗಿರುವ ವಿದ್ಯಾರ್ಥಿಗೆ ಬೋಧಕರು ಆಪ್ತಸಮಾಲೋಚಕರಾಗಕೂಡದು ಎಂದು ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ನಿನ 2014ರ ನೀತಿಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಅಂಕ ಕೊಡುವ ಕೈ ಮತ್ತು ಗುಟ್ಟು ಕೇಳುವ ಕಿವಿ ಒಬ್ಬರದೇ ಆದರೆ ವಿದ್ಯಾರ್ಥಿ ‘ಬೇಡ’ ಎನ್ನುವುದಾದರೂ ಹೇಗೆ?

ಆಸ್ಪತ್ರೆಯ ಸಮಾಜಕಾರ್ಯಕರ್ತೆ:
ಅವರು ಚಿಕಿತ್ಸೆ ಕೊಟ್ಟರು ಎಂದು ನಾನು ಬರೆದೇ ಇಲ್ಲ. ಕುಳ್ಳಿರಿಸಿ ಕೇಳಿದರು, ರಜೆಯ ಅರ್ಜಿಯನ್ನು ತಾವೇ ವಿಭಾಗಕ್ಕೆ ಒಯ್ದರು, ಬೇರೊಬ್ಬ ಸಮಾಲೋಚಕರ ವಿಳಾಸ ಕೊಟ್ಟರು. ಇದೂ ಸಂಹಿತೆಗೆ ವಿರುದ್ಧವಾದರೆ ಆ ಸಂಹಿತೆಯನ್ನು ತಾವೇ ಇಟ್ಟುಕೊಳ್ಳಿ.

ಹೊಸ ವಿದ್ಯಾರ್ಥಿನಿ:
ಎಲ್ಲರಿಗೂ ಧನ್ಯವಾದಗಳು. ಮೊದಲನೆಯವರಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯೂ ಪರವಾನಗಿಯೂ ಇವೆ ಎಂದು ವಿಭಾಗದಲ್ಲಿ ತಿಳಿಯಿತು. ಎರಡನೆಯವರಿಗೆ ಸಮಾಜಕಾರ್ಯದ ಪದವಿಯೇ ಇಲ್ಲ. ಆದರೆ ನಾನು ಪ್ರಬಂಧವನ್ನೂ ಬರೆಯಬೇಕಿದೆ.

ಸಹಿಗಾಗಿ ಅಲೆದವಳು:
ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಮಂಡಳಿಯ ಪಟ್ಟಿಯಲ್ಲಿ ನೀವೇ ನೋಡಿ; ಬೋಧನೆಗೆ ಬಂದ ಮೇಲೆ ನವೀಕರಿಸದೆ ಬಿಟ್ಟವರು ಬಹಳ ಮಂದಿ ಇದ್ದಾರೆ. ಮೇಲ್ವಿಚಾರಣೆ ಮಾಡಲು ಬೇರೆ ಅರ್ಹತೆ ಬೇಕೇ ಎಂಬುದನ್ನೂ ಲಿಖಿತವಾಗಿ ಕೇಳಿ. ಬಾಯಿಮಾತಿನ ಉತ್ತರವನ್ನು ನಂಬಬೇಡಿ.

ಮಾರ್ಗದರ್ಶಕರನ್ನು ಬದಲಿಸಿದವನು:
ಮೊದಲನೆಯವರನ್ನು ಸಲಹೆಗಾರರನ್ನಾಗಿ ಇಟ್ಟುಕೊಂಡು, ಎರಡನೆಯವರನ್ನು ಪ್ರಬಂಧಕ್ಕೆ ಸಹಮಾರ್ಗದರ್ಶಕರನ್ನಾಗಿ ಕೇಳಿಕೊಳ್ಳಿ. ನೈತಿಕ ಸಮಿತಿಗೆ ಹೋಗುವ ಅರ್ಜಿಯನ್ನು ಎರಡನೆಯವರು ಓದದೆ ಕಳುಹಿಸಬೇಡಿ. ಸಹಮಾರ್ಗದರ್ಶಕರ ನೇಮಕಕ್ಕೂ ಶುಲ್ಕವಿರುತ್ತದೆ. ನಿಮ್ಮಲ್ಲಿ ಎಷ್ಟೆಂದು ಮೊದಲ ಸೆಮಿಸ್ಟರಿನಲ್ಲೇ ವಿಚಾರಿಸಿ, ತಡವಾದರೆ ಅದರ ಮೇಲೂ ದಂಡ ಹಾಕುತ್ತಾರೆ.